ಎರೆನಾಡಿನ ಗಾಲಿಗಳು: ಕೀಲೆಣ್ಣೆಯಿಂದ ಕ್ಯಾಲಿಪರ್‌ವರೆಗೆ

ನರಗುಂದ ತಾಲ್ಲೂಕಿನ ಚಿಕ್ಕನರಗುಂದ ಮತ್ತು ಅದರ ಸುತ್ತಲಿನ ಊರುಗಳು ಮಲಪ್ರಭೆ ಹಾಗೂ ಬೆಣ್ಣಿಹಳ್ಳಗಳ ನಡುವಿನ ಎರೆಭೂಮಿಗೆ ಸೇರಿದವು. ನರಗುಂದದ ಗುಡ್ಡವನ್ನು ಬಿಟ್ಟರೆ ಕಣ್ಣು ಹರಿಯುವಷ್ಟು ದೂರ ಬಯಲೇ ಇರುವುದರಿಂದ, ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯಬೇಕಾದ ಪ್ರಸಂಗ ಇಲ್ಲಿ ಅಪರೂಪ. ಆದರೆ ಮಳೆ ಬಿದ್ದೊಡನೆ ಉಬ್ಬಿ ಅಂಟಾಗುವ ಕರಿಮಣ್ಣು ಗಾಲಿಯ ಸುತ್ತ ಮೆತ್ತಿಕೊಂಡು, ಎತ್ತುಗಳು ಎಷ್ಟು ಎಳೆದರೂ ಚಕ್ಕಡಿ ಮುಂದೆ ಸಾಗದಂತೆ ಮಾಡುತ್ತಿತ್ತು. ಹೀಗಾಗಿ ಈ ಸೀಮೆಯ ಸಾರಿಗೆಯ ಇತಿಹಾಸದಲ್ಲಿ ಗಾಲಿಯನ್ನು ನಿಲ್ಲಿಸುವ ವಿದ್ಯೆಗಿಂತ, ಹಿಡಿದುಕೊಂಡ ಗಾಲಿಯನ್ನು ಬಿಡಿಸುವ ವಿದ್ಯೆಗೇ ಹೆಚ್ಚಿನ ಸ್ಥಾನವಿದೆ. ಇಂದು ಕಾರಿನ ಬ್ರೇಕ್ ಕ್ಯಾಲಿಪರ್ ಜಾಮ್ ಆದಾಗ ಗ್ಯಾರೇಜಿನ ಮಿಸ್ತ್ರಿ ಮಾಡುವ ಕೆಲಸವನ್ನು ಆ ಹಳೆಯ ವಿದ್ಯೆಯ ಮುಂದುವರಿಕೆಯೆಂದೇ ಪರಿಗಣಿಸಬೇಕು.

ಚಕ್ಕಡಿಯ ಕಾಲದಲ್ಲಿ ಈ ಹೊಣೆ ಬಡಿಗ ಮತ್ತು ಕಮ್ಮಾರರದಾಗಿತ್ತು. ಗಾಲಿಯ ನಡುವಿನ ಗುಂಬ, ಅದರಿಂದ ಹೊರಟ ಅರಗಳು ಮತ್ತು ಅವುಗಳನ್ನು ಬಂಧಿಸುವ ಮರದ ಬಳೆಯನ್ನು ಬಡಿಗ ಸಿದ್ಧಪಡಿಸಿದರೆ, ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಬಳೆಯ ಮೇಲೆ ಏರಿಸಿ, ಕೂಡಲೇ ನೀರು ಸುರಿದು ಬಿಗಿಗೊಳಿಸುವುದು ಕಮ್ಮಾರನ ಕೆಲಸವಾಗಿತ್ತು. ಇಬ್ಬರಿಗೂ ಸುಗ್ಗಿಯಲ್ಲಿ ಕಾಳಿನ ರೂಪದ ಆಯ ಸಲ್ಲುತ್ತಿತ್ತು. ಗುಂಬ ಮತ್ತು ಅಚ್ಚು ಪರಸ್ಪರ ಉಜ್ಜಿ ಬಿಗಿದುಕೊಳ್ಳದಂತೆ ಹಚ್ಚುತ್ತಿದ್ದ ಕೀಲೆಣ್ಣೆಯನ್ನು ಮಾತ್ರ ಒಕ್ಕಲಿಗನೇ ಮನೆಯಲ್ಲಿ, ಸುಟ್ಟ ಹುಲ್ಲಿನ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ತಯಾರಿಸಿಕೊಳ್ಳುತ್ತಿದ್ದನು. ಹೊಲದ ಅಂಚಿನಲ್ಲಿ ಬೆಳೆಯುವ ಔಡಲದಿಂದ ತೆಗೆದ ಈ ಎಣ್ಣೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಮೋಟಾರಿನ ಕಾಲದಲ್ಲೂ ಅದು ಬೇರೊಂದು ರೂಪದಲ್ಲಿ ಗಾಲಿಯ ಬಳಿಗೇ ಮರಳಿ ಬಂದಿತು.

ಬ್ರೇಕಿನ ಅಗತ್ಯ ಬಯಲಿನ ಗಾಡಿಕಾರರಿಗೆ ಎದುರಾದದ್ದು ಊರು ಬಿಟ್ಟು ಹೊರಟಾಗ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತು. ಆ ಹತ್ತಿ ಕುಮಟಾ ಬಂದರನ್ನು ಸೇರಬೇಕಾದರೆ ಸಹ್ಯಾದ್ರಿಯ ಘಟ್ಟಗಳನ್ನು ಇಳಿಯಲೇಬೇಕಿತ್ತು. ಅಂಥ ಇಳಿಜಾರಿನಲ್ಲಿ ಗಾಲಿಯ ಹೊರಮೈಗೆ ಮರದ ತುಂಡನ್ನು ಹಗ್ಗದಿಂದ ಬಿಗಿದು ಒತ್ತಿಹಿಡಿಯುವ ಸರಳ ತಡೆ ಸಾಕಾಗುತ್ತಿತ್ತು. ಘಟ್ಟ ಮುಗಿದೊಡನೆ ಹಗ್ಗವನ್ನು ಸಡಿಲಿಸಿದರೆ ಗಾಲಿ ಮತ್ತೆ ಬಿಡುವಾಗುತ್ತಿತ್ತು. ಬಿಗಿಯುವುದು, ಬಿಡುವುದು ಎರಡೂ ಮನುಷ್ಯನ ಕೈಯಲ್ಲೇ ಇದ್ದುದರಿಂದ ತಡೆಯು ತಾನಾಗಿ ಹಿಡಿದುಕೊಳ್ಳುವ ಸಮಸ್ಯೆಯೇ ಅಲ್ಲಿರಲಿಲ್ಲ. 1880ರ ದಶಕದಲ್ಲಿ ಗದಗ ಮತ್ತು ಹುಬ್ಬಳ್ಳಿಗೆ ರೈಲು ಬಂದ ಮೇಲೆ ಘಟ್ಟದ ಗಾಡಿ ಸಾಗಣೆ ಇಳಿಮುಖವಾಯಿತು.

ಮೋಟಾರು ವಾಹನಗಳ ಆರಂಭಕಾಲದ ಬ್ರೇಕುಗಳು ಕಬ್ಬಿಣದ ಸರಳು ಮತ್ತು ತಂತಿಗಳಿಂದ ನಡೆಯುತ್ತಿದ್ದವು. ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರ ಸುಮಾರಿಗೆ ರೂಪಿಸಿದನು. 1921ರ ಡ್ಯೂಸೆನ್‌ಬರ್ಗ್ ಕಾರು ಅದನ್ನು ಅಳವಡಿಸಿಕೊಂಡಿತಾದರೂ ಫೋರ್ಡ್ ಕಂಪನಿ 1939ರವರೆಗೂ ಸರಳಿನ ಬ್ರೇಕನ್ನು ಬಿಡಲಿಲ್ಲ. ಹೈಡ್ರಾಲಿಕ್ ಪದ್ಧತಿಯಲ್ಲಿ ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯೊಳಗಿನ ದ್ರವವು ಒತ್ತಲ್ಪಟ್ಟು, ಪೈಪುಗಳ ಮೂಲಕ ಸಾಗಿ, ಪ್ರತಿಯೊಂದು ಗಾಲಿಯ ಬಳಿಯ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. 1947ರ ನಂತರ ಭಾರತದಲ್ಲಿ ಜೋಡಿಸಲ್ಪಟ್ಟ ಜೀಪುಗಳಲ್ಲಿಯೂ, 1957ರಲ್ಲಿ ಆರಂಭವಾದ ಅಂಬಾಸಿಡರ್ ಕಾರುಗಳಲ್ಲಿಯೂ ಈ ಪಿಸ್ಟನ್ನು ಡ್ರಮ್ ಎಂಬ ಲೋಹದ ಪಾತ್ರೆಯೊಳಗೆ ಅಡಗಿದ್ದು, ಲೈನರ್ ಅಂಟಿಸಿದ ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ಅಗಲಿಸುತ್ತಿತ್ತು. ಕಾಲು ತೆಗೆದಾಗ ಗಟ್ಟಿಯಾದ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದವು.

ಡಿಸ್ಕ್ ಬ್ರೇಕಿನಲ್ಲಿ ಇಂಥ ಸ್ಪ್ರಿಂಗ್ ಇರುವುದಿಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಹಕ್ಕುಪತ್ರ ಪಡೆದಿದ್ದರೂ, 1953ರ ಲ ಮಾನ್ ಓಟದಲ್ಲಿ ಜಾಗ್ವಾರ್ ಕಾರುಗಳು ಗೆದ್ದ ಮೇಲೆಯೇ ಇದರ ಸಾಮರ್ಥ್ಯ ಜಗತ್ತಿಗೆ ಮನವರಿಕೆಯಾಯಿತು. ನಮ್ಮ ಹಳ್ಳಿಗಳಿಗೆ ಇದು ತಲುಪಿದ್ದು 1980ರ ದಶಕದ ಉತ್ತರಾರ್ಧದ ನಂತರ, ಮಾರುತಿಯಂಥ ಸಣ್ಣ ಕಾರುಗಳ ಮುಂದಿನ ಗಾಲಿಗಳ ಮೂಲಕ. ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡು ಕಡೆಯಿಂದ ಪ್ಯಾಡುಗಳ ನಡುವೆ ಅವುಚುವ ಇಕ್ಕಳದಂಥ ಭಾಗವೇ ಕ್ಯಾಲಿಪರ್. ಇಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಸರಿಸುವುದು ಅದರ ಸುತ್ತ ಕೂತಿರುವ ಒಂದು ರಬ್ಬರ್ ಬಳೆ ಮಾತ್ರ: ಪಿಸ್ಟನ್ನು ಮುಂದೆ ಸರಿದಾಗ ತುಸು ತಿರುಚಿಕೊಳ್ಳುವ ಆ ಬಳೆ, ಒತ್ತಡ ಇಳಿದಾಗ ತನ್ನ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಮಿಲಿಮೀಟರಿನ ಒಂದು ಅಂಶದಷ್ಟು ಹಿಂದಕ್ಕೆ ಕರೆದೊಯ್ಯುತ್ತದೆ. ಇಡೀ ವಾಹನದ ಸರಾಗ ಚಲನೆ ಇಷ್ಟು ಸೂಕ್ಷ್ಮವಾದ ಒಂದು ಹಿಂದೆಗೆತವನ್ನು ಅವಲಂಬಿಸಿರುವುದು ನಿಜಕ್ಕೂ ಬೆರಗಿನ ಸಂಗತಿ. ಪಿಸ್ಟನ್ನಿಗೆ ತುಕ್ಕು ಹಿಡಿದರೆ, ಅದನ್ನು ಮುಚ್ಚಿದ ರಬ್ಬರ್ ಹೊದಿಕೆ ಹರಿದು ಎರೆಮಣ್ಣಿನ ಕೆಸರು ಒಳನುಗ್ಗಿದರೆ, ಅಥವಾ ಕ್ಯಾಲಿಪರ್ ಜಾರಿಕೊಳ್ಳುವ ಪಿನ್ನುಗಳು ಒಣಗಿದರೆ ಆ ಹಿಂದೆಗೆತ ನಿಂತುಹೋಗುತ್ತದೆ. ಆಗ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುವುದರಿಂದ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ, ಸುಟ್ಟ ವಾಸನೆ ಏಳುತ್ತದೆ, ಗಾಲಿ ಕೈ ಇಡಲಾಗದಷ್ಟು ಕಾಯುತ್ತದೆ.

ಔಡಲೆಣ್ಣೆಯ ವಿಷಯ ಇಲ್ಲಿ ಮತ್ತೆ ಬರುತ್ತದೆ. ಹೈಡ್ರಾಲಿಕ್ ಬ್ರೇಕಿನ ಮೊದಲ ದಶಕಗಳಲ್ಲಿ ಬಳಸಿದ ದ್ರವವು ಮುಖ್ಯವಾಗಿ ಔಡಲೆಣ್ಣೆ ಮತ್ತು ಆಲ್ಕೊಹಾಲುಗಳ ಮಿಶ್ರಣವಾಗಿತ್ತು. ಅಂದಿನ ಸಿಲಿಂಡರುಗಳ ನೈಸರ್ಗಿಕ ರಬ್ಬರು ಭೂಮಿಯಿಂದ ತೆಗೆದ ಖನಿಜ ತೈಲ ತಗುಲಿದರೆ ಉಬ್ಬಿಕೊಳ್ಳುತ್ತಿದ್ದರೆ, ಔಡಲೆಣ್ಣೆಯಿಂದ ಅದಕ್ಕೆ ಯಾವ ಹಾನಿಯೂ ಆಗುತ್ತಿರಲಿಲ್ಲ. ನಂತರ ಗ್ಲೈಕಾಲ್ ಎಂಬ ರಾಸಾಯನಿಕದ ದ್ರವಗಳು ಬಂದರೂ, ಪಿಸ್ಟನ್ ಜೋಡಿಸುವಾಗ ಸವರುವ ಕೆಂಪು ರಬ್ಬರ್ ಗ್ರೀಸು ಸಸ್ಯತೈಲದ್ದೇ ಆಗಿ ಉಳಿಯಿತು. ಬ್ರೇಕ್ ಡಬ್ಬಿಯಲ್ಲಿ ದ್ರವ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿಯುವುದು, ಬಿಚ್ಚಿದ ರಬ್ಬರುಗಳನ್ನು ಡೀಸೆಲ್‌ನಲ್ಲಿ ತೊಳೆಯುವುದು ಇವೆರಡೂ ಗಾಲಿಗಳು ಜಾಮ್ ಆಗಲು ಕಾರಣವಾಗುವ ತಪ್ಪುಗಳು. ಉಬ್ಬಿದ ರಬ್ಬರು ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರವನ್ನು ಮುಚ್ಚಿ, ದ್ರವವು ಹಿಂದಿರುಗುವ ದಾರಿಯನ್ನೇ ಕಟ್ಟಿಬಿಡುತ್ತದೆ. ಗ್ಲೈಕಾಲ್ ದ್ರವಕ್ಕೂ ಒಂದು ದೋಷವಿದೆ: ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ. ಅದೇ ತೇವ ಒಳಗಿನಿಂದ ಪಿಸ್ಟನ್ನಿಗೆ ತುಕ್ಕು ಹಿಡಿಸುತ್ತದೆ.

ಈ ದೋಷಗಳನ್ನು ಬೇರ್ಪಡಿಸಿ ಗುರುತಿಸುವ ಕ್ರಮವನ್ನು ಮಿಸ್ತ್ರಿಗಳು ಪುಸ್ತಕಕ್ಕಿಂತ ಹೆಚ್ಚಾಗಿ ಕೈಕೆಲಸದಿಂದಲೇ ಕಲಿತರು. ಜಾಕ್ ಹಚ್ಚಿ ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿ, ಅದು ತಿರುಗದಿದ್ದರೆ ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲನ್ನು, ಅಂದರೆ ದ್ರವ ಮತ್ತು ಗಾಳಿಯನ್ನು ಹೊರಬಿಡುವ ಸಣ್ಣ ತಿರುಪನ್ನು, ಸಡಿಲಿಸುತ್ತಾರೆ. ಆಗ ಗಾಲಿ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತೆಂದೂ, ಒಳಪದರ ಊದಿದ ರಬ್ಬರ್ ಪೈಪಿನಲ್ಲಿ ಅಥವಾ ಮಾಸ್ಟರ್ ಸಿಲಿಂಡರಿನಲ್ಲಿ ದೋಷವಿದೆಯೆಂದೂ ತಿಳಿಯುತ್ತದೆ. ಬಿಡದಿದ್ದರೆ ದೋಷ ಪಿಸ್ಟನ್ನಿನಲ್ಲಿ ಅಥವಾ ಪಿನ್ನುಗಳಲ್ಲಿದೆ. ಪಿಸ್ಟನ್ನನ್ನು ಹೊರತೆಗೆದು, ಒಳಗೋಡೆಯನ್ನು ಬ್ರೇಕ್ ದ್ರವದಿಂದಲೇ ಸ್ವಚ್ಛಗೊಳಿಸಿ, ಹೊಸ ರಬ್ಬರ್ ಕಿಟ್ ಹಾಕಿ, ಪೈಪಿನ ಗಾಳಿಯನ್ನು ಪೂರ್ತಿ ತೆಗೆದಾಗ ದುರಸ್ತಿ ಮುಗಿಯುತ್ತದೆ. ಪಿಸ್ಟನ್ನಿನ ಮೈ ತುಕ್ಕಿನಿಂದ ಗುಳಿಬಿದ್ದಿದ್ದರೆ ಮಾತ್ರ ಅದನ್ನು ಬದಲಿಸಲೇಬೇಕು. ಮದರಾಸಿನಲ್ಲಿ 1962ರಲ್ಲಿ ಬ್ರೇಕ್ಸ್ ಇಂಡಿಯಾ, 1964ರಲ್ಲಿ ರಾಣೆ ಬ್ರೇಕ್ ಲೈನಿಂಗ್ಸ್ ಸ್ಥಾಪನೆಯಾದದ್ದರಿಂದ ಬ್ರೇಕಿನ ಬಿಡಿಭಾಗಗಳು ದೇಶದಲ್ಲೇ ತಯಾರಾಗತೊಡಗಿದ್ದು ಇಂಥ ಕೆಲಸಕ್ಕೆ ದೊಡ್ಡ ಆಸರೆಯಾಯಿತು.

1970ರ ದಶಕದಲ್ಲಿ ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನೀರು ಈ ಸೀಮೆಗೆ ಹರಿದ ಮೇಲೆ ಹೊಲದ ದಾರಿಗಳು ಮಳೆಗಾಲದ ಆಚೆಗೂ ಕೆಸರಾಗಿರತೊಡಗಿದವು. ಆ ನೀರಿನ ಕರದ ವಿರುದ್ಧ ಎದ್ದ ನರಗುಂದ–ನವಲಗುಂದ ರೈತ ಬಂಡಾಯವು 1980ರ ಜುಲೈ 21ರಂದು ಗೋಲಿಬಾರಿನಲ್ಲಿ ಪರ್ಯವಸಾನವಾದ ಸಂಗತಿಯನ್ನು ಇತಿಹಾಸ ದಾಖಲಿಸಿದೆ, ದಾಖಲಿಸಲೇಬೇಕಿತ್ತು. ಆದರೆ ಅದೇ ಕಾಲದಲ್ಲಿ ಚಕ್ಕಡಿಯಿಂದ ಟ್ರ್ಯಾಕ್ಟರು, ಜೀಪು, ಕಾರುಗಳತ್ತ ಸಾಗಿದ ಕಸುಬಿನ ಬದಲಾವಣೆಗೂ ಅಷ್ಟೇ ಎಚ್ಚರದ ಬರವಣಿಗೆ ಸಲ್ಲಬೇಕು. ಇಂದು ಇಡೀ ಕ್ಯಾಲಿಪರನ್ನೇ ತೆಗೆದು ಹೊಸದನ್ನು ಕೂರಿಸುವ ಪದ್ಧತಿ ಹೆಚ್ಚುತ್ತಿದೆ. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಗಾಲಿ ಪೂರ್ತಿ ಬಿಗಿದುಕೊಂಡು ಜಾರದಂತೆ ನೋಡಿಕೊಳ್ಳುವ ವಿದ್ಯುನ್ಮಾನ ವ್ಯವಸ್ಥೆಯು, ತುಕ್ಕು ಹಿಡಿದ ಪಿಸ್ಟನ್ನನ್ನು ಹಿಂದಕ್ಕೆ ಸರಿಸಲಾರದು. ಆ ಕೆಲಸಕ್ಕೆ ಗಾಲಿ ಬಿಚ್ಚಿ, ಕೆಸರು ಒರೆಸಿ, ಪಿನ್ನುಗಳಿಗೆ ಗ್ರೀಸು ಹಚ್ಚುವ ಮಿಸ್ತ್ರಿಯೇ ಬೇಕು.