ಗೋಡೆ ಮೇಲಿನ ಕೆಂಪು ತ್ರಿಕೋನ: ಮಾತು ಗೆದ್ದಿತು, ನಂಬಿಕೆ ಸೋತಿತು

ಆರೋಗ್ಯ ಕೇಂದ್ರದ ಗೋಡೆ, ಬಸ್ಸಿನ ಹಿಂಬದಿ, ರೇಡಿಯೋ. ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ: ತಲೆಕೆಳಗಾದ ಕೆಂಪು ತ್ರಿಕೋನ ಮತ್ತು ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಮಾತು. ಪ್ರಚಾರ ಅಂದರೇನು, ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಕೆಟ್ಟುಹೋಗುತ್ತದೆ ಎಂದು ತಿಳಿಯಲು ಈ ತ್ರಿಕೋನದ ಕಥೆಗಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ.

ಕಥೆಯ ಮೊದಲ ಪುಟ ನಮ್ಮ ನಾಡಿನದೇ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಕೇಂದ್ರ ಸರ್ಕಾರ ಕುಟುಂಬ ಯೋಜನೆ ಶುರು ಮಾಡಿತು. ಆದರೆ ಕೇಂದ್ರ ತೆರೆದು ಕುಳಿತರೆ ಜನ ಬರುತ್ತಾರೆಯೇ? ಹೆಚ್ಚು ಜನ ಬರಲಿಲ್ಲ. ‘ಚಿಕ್ಕ ಸಂಸಾರ, ಸುಖ ಸಂಸಾರ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಚಿಕ್ಕದು ಅಂದರೆ ಎಷ್ಟು? ಎಂಟು ಮಕ್ಕಳಿರುವ ಮನೆಯವರಿಗೆ ಐದು ಮಕ್ಕಳ ಸಂಸಾರವೂ ಚಿಕ್ಕದೇ.

1960ರ ದಶಕದಲ್ಲಿ ದೀಪ್ ತ್ಯಾಗಿ ಎಂಬ ಅಧಿಕಾರಿ ಈ ಗೊಂದಲ ಬಿಡಿಸಿದರು. ಹತ್ತು ಮಾತು ಬೇಡ, ಒಂದೇ ಮಾತು ಸಾಕು ಎಂದರು. ‘ಎರಡು ಅಥವಾ ಮೂರು ಮಕ್ಕಳು, ಸಾಕು’ ಎಂಬುದೇ ಆ ಮಾತು. ಜೊತೆಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳ ನಾಲ್ಕು ಮುಖ ಮತ್ತು ಕೆಂಪು ತ್ರಿಕೋನ. ದೇಶದ ತುಂಬ ಅದೇ ಚಿತ್ರ, ಅದೇ ಬಣ್ಣ. ಓದು ಬಾರದವರಿಗೂ ತಿಳಿಯುವಂಥದ್ದು. ಆನೆಯ ಮೈಮೇಲೂ ಈ ಗುರುತು ಹಾಕಿ ಊರೂರು ಸುತ್ತಿಸಿದರು. ಮುಂದೆ ಇದೇ ಮಾತು ‘ನಾವಿಬ್ಬರು, ನಮಗಿಬ್ಬರು’ ಎಂದಾಯಿತು.

1968ರಲ್ಲಿ ನಿರೋಧ್ ಬಂತು. ಅದಕ್ಕೆ ಮೊದಲು ಸೂಚಿಸಿದ್ದ ಹೆಸರು ‘ಕಾಮರಾಜ’. ಆಗ ಕೆ. ಕಾಮರಾಜ್ ಅವರು ಕಾಂಗ್ರೆಸ್ಸಿನ ದೊಡ್ಡ ನಾಯಕರು! ಹೆಸರು ಕೂಡಲೇ ಕೈಬಿಟ್ಟು ‘ನಿರೋಧ್’ ಎಂದಿಟ್ಟರು. ಬೆಲೆ ಮೂರಕ್ಕೆ 15 ಪೈಸೆ. ಮಾರುವುದಕ್ಕೆ ಸರ್ಕಾರ ಹೊಸ ಅಂಗಡಿ ತೆರೆಯಲಿಲ್ಲ. ಚಹಾಪುಡಿ, ಸೋಪು, ಸಿಗರೇಟು, ಬ್ಯಾಟರಿ ಮಾರುತ್ತಿದ್ದ ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್, ಯೂನಿಯನ್ ಕಾರ್ಬೈಡ್‌ನಂಥ ಕಂಪನಿಗಳ ಗಾಡಿಗಳಲ್ಲೇ ಕಳಿಸಿತು. ಊರಿನ ಕಿರಾಣಿ ಅಂಗಡಿಗೆ ಆ ಗಾಡಿಗಳ ದಾರಿ ಮೊದಲೇ ಗೊತ್ತಿತ್ತಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಮಾತು ಸ್ಪಷ್ಟ, ಗುರುತು ಒಂದೇ, ಸಾಮಾನು ಕೈಗೆಟುಕುವ ಕಡೆ. ಬೇಕಾದವರು ತಗೊಳ್ಳಬಹುದು, ಬೇಡದವರು ಬಿಡಬಹುದು.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಕೇಳಿಕೊಳ್ಳುತ್ತಿದ್ದ ಸರ್ಕಾರ ಆಜ್ಞೆ ಮಾಡತೊಡಗಿತು. ಅಧಿಕಾರಿಗಳಿಗೆ, ಶಾಲಾ ಮೇಷ್ಟ್ರುಗಳಿಗೆ ಟಾರ್ಗೆಟ್ ಕೊಟ್ಟರು. ಉತ್ತರ ಭಾರತದ ಊರುಗಳಲ್ಲಿ ಪೊಲೀಸರನ್ನು ಕರೆತಂದು ಗಂಡಸರಿಗೆ ಆಪರೇಷನ್ ಮಾಡಿಸಿದರು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳಾದವು. ಬಹುಪಾಲು ಗಂಡಸರದು. ಮಾರ್ಚ್ 1977ರ ಚುನಾವಣೆಯಲ್ಲಿ ಜನ ಉತ್ತರ ಕೊಟ್ಟರು. ಮರುವರ್ಷ ಆಪರೇಷನ್ ಸಂಖ್ಯೆ 10 ಲಕ್ಷಕ್ಕಿಂತ ಕೆಳಗಿಳಿಯಿತು. ಇಲಾಖೆ ತನ್ನ ಹೆಸರನ್ನೇ ‘ಕುಟುಂಬ ಕಲ್ಯಾಣ’ ಎಂದು ಬದಲಿಸಿಕೊಂಡಿತು.

ಹೆಸರು ಬದಲಾದರೂ ಗಾಯ ಮಾಯಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ದಂಪತಿಗಳಲ್ಲಿ ಹೆಂಗಸರ ಸಂತಾನ ಶಸ್ತ್ರಚಿಕಿತ್ಸೆಯನ್ನು ನೆಚ್ಚಿಕೊಂಡವರು ಶೇ 37.9, ಗಂಡಸರ ಶಸ್ತ್ರಚಿಕಿತ್ಸೆಯನ್ನು ನೆಚ್ಚಿಕೊಂಡವರು ಶೇ 0.3. ಗಂಡಸರದು ಸುಲಭದ ಚಿಕಿತ್ಸೆ. ಆದರೂ ಭಾರ ಹೊತ್ತವರು ನಮ್ಮ ತಾಯಂದಿರು, ಅಕ್ಕಂದಿರು. ನಮ್ಮ ಊರುಗಳಲ್ಲಿ ‘ಆಪರೇಷನ್ ಆಯ್ತಾ?’ ಅಂತ ಕೇಳುವುದು ಹೆಂಗಸರನ್ನೇ, ಯಾವ ಆಪರೇಷನ್ ಅಂತ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಕಳೆದುಕೊಂಡ ನಂಬಿಕೆಯ ಸಾಲ ಇನ್ನೊಂದು ಕಡೆಯೂ ತೀರಿಸಬೇಕಾಯಿತು. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾಯಿತು. ‘ಎರಡು ಹನಿ’ ಎಂಬುದಕ್ಕಿಂತ ಸ್ಪಷ್ಟ ಮಾತು ಬೇಕೇ? ಆದರೂ ಪಶ್ಚಿಮ ಉತ್ತರ ಪ್ರದೇಶದಲ್ಲಿ ಕೆಲವರು ಬಾಗಿಲು ಹಾಕಿಕೊಂಡರು. ಇದು ಮಕ್ಕಳಾಗದಂತೆ ಮಾಡುವ ಔಷಧಿ ಎಂಬ ಗಾಳಿಮಾತು ಹಬ್ಬಿತ್ತು. ಇನ್ನಷ್ಟು ಪೋಸ್ಟರ್ ಹಚ್ಚಿದರೆ ಈ ಅನುಮಾನ ಹೋಗುತ್ತಿರಲಿಲ್ಲ. ಅದೇ ಓಣಿಯ ಹೆಂಗಸರು ಮನೆಮನೆಗೆ ಹೋಗಿ ಕೂತು ಮಾತಾಡಿದರು. ಮೌಲ್ವಿಗಳು ಮಸೀದಿ ಮೈಕಿನಲ್ಲಿ ಹೇಳಿದರು. 2011ರ ಜನವರಿ ನಂತರ ದೇಶದಲ್ಲಿ ಕಾಡು ಪೋಲಿಯೋ ಪ್ರಕರಣ ಬರಲಿಲ್ಲ, 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ಸಿಕ್ಕಿತು.

ಇವತ್ತು ನಮ್ಮ ಊರುಗಳಲ್ಲಿ ಎಲ್ಲರೂ ಪ್ರಚಾರ ಮಾಡುವವರೇ. ಪಂಚಾಯಿತಿ ಕರಪತ್ರ ಹಂಚುತ್ತದೆ, ಸ್ವಸಹಾಯ ಸಂಘದವರು ವಾಟ್ಸಾಪಿನಲ್ಲಿ ಚಟ್ನಿಪುಡಿ ಮಾರುತ್ತಾರೆ, ಆಶಾ ಕಾರ್ಯಕರ್ತೆಯರು ಲಸಿಕೆಗೆ ಕರೆಯುತ್ತಾರೆ. ಇವರಿಗೆಲ್ಲ ತ್ರಿಕೋನದ ಕಥೆ ಎರಡು ಪಾಠ ಹೇಳುತ್ತದೆ. ಒಂದೇ ವಿಷಯ ಹೇಳಿ, ಲೆಕ್ಕ ಬಿಡಿಸಿ ಹೇಳಿ. ಕೇಳಿದವರಿಗೆ ‘ಬೇಡ’ ಅನ್ನುವ ಹಕ್ಕು ಉಳಿಸಿ. ಆ ಹಕ್ಕು ಕಿತ್ತುಕೊಂಡ ದಿನ ಎಷ್ಟು ಚೆಂದದ ಮಾತೂ ಗೋಡೆ ಮೇಲಿನ ಬಣ್ಣವಾಗಿಬಿಡುತ್ತದೆ.