ಮದ್ದು ಬಿದ್ದ ಊರಿನಲ್ಲಿ ಯಾರ ಮಾತು ನಂಬುವುದು?

ನಮ್ಮ ಜಿಲ್ಲೆಯ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಹಾರಿ ಮದ್ದು ಬಿಟ್ಟದ್ದನ್ನು ಸಂಘದ ಯುವಕರಲ್ಲಿ ಹೆಚ್ಚಿನವರು ನೋಡಿಲ್ಲ. ಹಿರಿಯರು ನೋಡಿದ್ದಾರೆ. ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್, ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು, 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು-ಮೂರು ಸಲ ಎಂಡೋಸಲ್ಫಾನ್ ಸಿಂಪಡಿಸಿತು. ಸುಮಾರು 4,600 ಹೆಕ್ಟೇರ್ ತೋಟ. ನಮ್ಮವರು ಅದನ್ನು ವಿಷ ಅನ್ನಲಿಲ್ಲ, ಮದ್ದು ಅಂತಲೇ ಕರೆದರು. ಬಾವಿ ಮುಚ್ಚಿಡಿ ಅಂತ ಹೇಳಿದ್ದುಂಟು. ಸುರಂಗದ ನೀರು, ತೋಡಿನ ನೀರು ಕುಡಿಯುವವರು ಏನನ್ನು ಮುಚ್ಚಬೇಕಿತ್ತೋ!

ಇದನ್ನು ಹೋರಾಟದ ಕಥೆಯಾಗಿ ಬೇಕಾದಷ್ಟು ಮಂದಿ ಬರೆದಿದ್ದಾರೆ. ನಾನು ಕೇಳುವುದು ಬೇರೆ. ಕಣ್ಣಾರೆ ಕಂಡವರ ಮಾತು ಒಂದು ಕಡೆ, ಓದಿದವರ ವರದಿ ಇನ್ನೊಂದು ಕಡೆ ನಿಂತರೆ ನಂಬುವುದು ಯಾರನ್ನು?

1980ರ ಆಸುಪಾಸಿನಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅಂಗ ಊನವಾದ ಕರುಗಳು ಹುಟ್ಟಿದವು. ಶ್ರೀ ಪಡ್ರೆಯವರು ಅದನ್ನು ಆಗಲೇ ಬರೆದರು. ಯಾರೂ ಕಿವಿಗೊಡಲಿಲ್ಲ. ಆಮೇಲೆ ಮನುಷ್ಯರ ಸರದಿ. ಬುದ್ಧಿ ಬೆಳೆಯದ ಮಕ್ಕಳು, ಫಿಟ್ಸ್, ಚರ್ಮದ ಕಾಯಿಲೆ, ಕ್ಯಾನ್ಸರ್. ಆದರೆ ಒಂದೊಂದು ಮನೆಯೂ ಅದನ್ನು ತನ್ನೊಂದರದೇ ಕಷ್ಟ ಅಂದುಕೊಂಡಿತು. ದೈವದ ಮುನಿಸು, ಹಣೆಬರಹ, ಯಾವುದೋ ಜನ್ಮದ ಪಾಪ. ಹೊರಗೆ ಹೇಳಿದರೆ ಮರ್ಯಾದೆ ಹೋಗುತ್ತದೆ, ಉಳಿದ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ ಎಂಬ ಹೆದರಿಕೆ ಬೇರೆ. ತತ್ತ್ವಶಾಸ್ತ್ರದಲ್ಲಿ ಒಂದು ಹಳೆಯ ವಾದ ಉಂಟು. ನನಗೆ ಖಚಿತವಾಗಿ ಗೊತ್ತಿರುವುದು ನನ್ನ ಮನಸ್ಸು ಮಾತ್ರ, ಇನ್ನೊಬ್ಬನ ನೋವು ನಿಜವೋ ಅಂತ ನಾನು ಎಂದಿಗೂ ತಿಳಿಯಲಾರೆ ಅಂತ. ಪುಸ್ತಕದಲ್ಲಿ ಅದು ಬುದ್ಧಿಯ ಆಟ. ಪಡ್ರೆಯಲ್ಲಿ ಜನ ನಿಜವಾಗಿಯೂ ಹಾಗೆಯೇ ಬಾಗಿಲು ಹಾಕಿಕೊಂಡು ಬದುಕಿದರು.

ಆ ಬಾಗಿಲುಗಳನ್ನು ದಾಟಿ ಒಳಗೆ ಹೋಗುತ್ತಿದ್ದವರು ಒಬ್ಬರೇ, ಡಾಕ್ಟ್ರು. 1982ರಿಂದ ಅಲ್ಲಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕಾಯಿಲೆ ಯಾಕೆ ಅನ್ನುವ ಪ್ರಶ್ನೆ ಬಂತು. ಮೊದಲು ಅವರ ಅನುಮಾನ ಇದ್ದದ್ದು ನೀರಿನ ಮೇಲೆ. ತನಗೆ ತೋರಿದ್ದೇ ಸರಿ ಅಂತ ಹಟ ಹಿಡಿಯದೆ ಬೇರೆ ವೈದ್ಯರನ್ನು ಕೇಳಿದರು, ಬರೆದರು. ನೋವು ಅವರದ್ದಲ್ಲ, ಆದರೂ ಅವರಿಗೆ ತಿಳಿಯಿತು. ಯಾಕೆಂದರೆ ಹತ್ತು ಮನೆಯ ನೋವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು.

ಪೆರಿಯದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು. ಮದ್ದು ಬೇಕು ಅನ್ನುವ ವ್ಯವಸ್ಥೆಯ ಒಳಗಿನವರು ಅಂತಲೇ ಹೇಳಬೇಕು. ತನ್ನ ಮನೆಯಲ್ಲಿ ಕಂಡದ್ದನ್ನು ನಂಬಿ ಕೋರ್ಟಿಗೆ ಹೋದರು. 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟು ಸಿಂಪಡಣೆಗೆ ತಡೆ ಕೊಟ್ಟಿತು.

ಇನ್ನು ಓದಿದವರ ಮಾತಿಗೆ ಬನ್ನಿ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಹಾಲು, ಜನರ ರಕ್ತ ಪರೀಕ್ಷಿಸಿ ಎಂಡೋಸಲ್ಫಾನ್ ಉಂಟು ಅಂದಿತು. ಅದೇ ವರ್ಷ ಕಾರ್ಪೊರೇಶನ್ ಮಾಡಿಸಿದ ಇನ್ನೊಂದು ಪರೀಕ್ಷೆ, ತೊಂದರೆಯಾಗುವಂಥದ್ದು ಏನೂ ಇಲ್ಲ ಅಂದಿತು. ಎರಡೂ ಲ್ಯಾಬೇ, ಎರಡೂ ವಿಜ್ಞಾನವೇ! ಹಾಗಾದರೆ ಯಾರೂ ಬೇಡ, ನಮ್ಮ ಕಣ್ಣು ಸಾಕು ಅನ್ನೋಣವೇ? ಅದೂ ಸಾಲದು. ಮದ್ದು ಬೀಳದ ಊರಲ್ಲೂ ಕಾಯಿಲೆ ಉಂಟಲ್ಲ ಅಂತ ಒಬ್ಬ ಕೇಳಿದರೆ ಕಣ್ಣು ಉತ್ತರ ಕೊಡುವುದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಈ ಪ್ರಶ್ನೆಯನ್ನೇ ಹಿಡಿಯಿತು. ಮದ್ದು ಬಿದ್ದ ಪಡ್ರೆಯ ಶಾಲೆಮಕ್ಕಳನ್ನು ಮದ್ದು ಬೀಳದ ಮೀಂಜದ ಮಕ್ಕಳ ಜೊತೆ ಹೋಲಿಸಿತು. 117 ಹುಡುಗರು ಇಲ್ಲಿಯವರು, 90 ಹುಡುಗರು ಅಲ್ಲಿಯವರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಡಾಕ್ಟ್ರು ಮನೆಮನೆಯಲ್ಲಿ ಮಾಡಿದ ಕೆಲಸವೇ ಇದು, ಆದರೆ ಲೆಕ್ಕ ಇಟ್ಟು ಮಾಡಿದ್ದು. ಸಂಬಂಧ ಸಾಬೀತಾಗಿಲ್ಲ ಅಂತ ಆಮೇಲೂ ಸಮಿತಿಗಳು ಹೇಳಿದವು. ತಕರಾರು ಎತ್ತುವ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಎತ್ತಲಿ, ಉತ್ತರವೂ ಲೆಕ್ಕದಿಂದಲೇ ಬರಬೇಕು.

ನಮ್ಮ ಹುಡುಗರು ಮಾತುಮಾತಿಗೆ, ನಮ್ಮ ನೋವು ನಮಗೇ ಗೊತ್ತು, ಬೇರೆಯವರಿಗೆ ಅರ್ಥವಾಗುವುದಿಲ್ಲ ಅನ್ನುತ್ತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. 1919ರಲ್ಲಿ ಬಾಬಾಸಾಹೇಬರು ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷಿ ಹೇಳಿದಾಗ, ಅಸ್ಪೃಶ್ಯರ ಪ್ರತಿನಿಧಿಗಳು ಅಸ್ಪೃಶ್ಯರೇ ಆಗಬೇಕು ಅಂತ ವಾದಿಸಿದರು. ಆದರೆ ಅಷ್ಟು ಹೇಳಿ ಕೂತುಕೊಳ್ಳಲಿಲ್ಲ. ಜನಸಂಖ್ಯೆಯ ಅಂಕಿಅಂಶ ಇಟ್ಟುಕೊಂಡು, ಆ ನೋವನ್ನು ಪಡದ ದೊಡ್ಡವರಿಗೇ ಅರ್ಥ ಮಾಡಿಸಲು ಹೊರಟರು. ಇನ್ನೊಬ್ಬನಿಗೆ ಅರ್ಥವೇ ಆಗುವುದಿಲ್ಲ ಅಂತಾದರೆ ಅರ್ಜಿ ಬರೆಯುವುದು ಯಾರಿಗೆ, ಸಾಕ್ಷಿ ಹೇಳುವುದು ಯಾಕೆ?

ಎಂಡೋಸಲ್ಫಾನ್ ದೇಶದಲ್ಲಿ ನಿಂತದ್ದು 2011ರ ಮೇ 13ರ ಸುಪ್ರೀಂ ಕೋರ್ಟ್ ಆದೇಶದಿಂದ. 2017ರ ಜನವರಿಯಲ್ಲಿ ಅದೇ ಕೋರ್ಟು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಲೆಕ್ಕ ಕೇಳಿದಾಗ, 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಪುನಃ ಕೋರ್ಟಿಗೆ ಹೋದವರು.