ರೀಮ್‌ನ ಹಿಮರಾಡಿ

ಮ್ಯೂನಿಕ್ ನಗರದ ಪೂರ್ವಕ್ಕೆ ರೀಮ್ ಎಂಬ ಬಡಾವಣೆಯಿದೆ. ಈಗ ಅಲ್ಲಿರುವುದು ವಸ್ತುಪ್ರದರ್ಶನದ ಭಾರೀ ಸಭಾಂಗಣಗಳು, ಸಾಲು ಸಾಲು ಅಪಾರ್ಟ್‌ಮೆಂಟುಗಳು, ಒಂದು ಮಾಲ್, ಒಂದು ಕೆರೆ. 1992ರ ಮೇ ತಿಂಗಳವರೆಗೆ ಮ್ಯೂನಿಕ್‌ನ ವಿಮಾನ ನಿಲ್ದಾಣ ಇದ್ದದ್ದು ಇದೇ ನೆಲದಲ್ಲಿ. ಹಳೆಯ ಕಂಟ್ರೋಲ್ ಟವರ್ ಇವತ್ತಿಗೂ ನಿಂತಿದೆ. ಅಲ್ಲಿಂದ ಸ್ವಲ್ಪ ದೂರದ ಟ್ರೂಡರಿಂಗ್‌ನಲ್ಲಿ ಒಂದು ಪುಟ್ಟ ಚೌಕವಿದೆ. ಅದರ ಹೆಸರು ಮ್ಯಾಂಚೆಸ್ಟರ್ ಪ್ಲಾಟ್ಸ್. ಊರಿನಿಂದ ಬಂದ ನೆಂಟರನ್ನು ಆ ಕಡೆ ಕರೆದುಕೊಂಡು ಹೋದಾಗಲೆಲ್ಲ, ಜರ್ಮನಿಯ ಊರಿನಲ್ಲಿ ಇಂಗ್ಲೆಂಡಿನ ಹೆಸರು ಯಾಕೆ ಎಂದು ಅವರು ಕೇಳುತ್ತಾರೆ. ಎರಡು ಮಾತಿನಲ್ಲಿ ಮುಗಿಯುವ ಉತ್ತರವಲ್ಲ ಅದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

1958ರ ಫೆಬ್ರವರಿ 6, ಗುರುವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಬೆಲ್‌ಗ್ರೇಡಿನಲ್ಲಿ ಹಿಂದಿನ ದಿನ 3-3 ಗೋಲುಗಳ ಸಮಬಲದ ಪಂದ್ಯವಾಡಿ, ಯುರೋಪಿಯನ್ ಕಪ್‌ನ ಸೆಮಿಫೈನಲ್ ತಲುಪಿದ ಸಂತೋಷದಲ್ಲಿ ಮನೆಗೆ ಹಿಂತಿರುಗುತ್ತಿತ್ತು. ತರಬೇತುದಾರ ಮ್ಯಾಟ್ ಬಸ್ಬಿ ಎಳೆಯ ಹುಡುಗರನ್ನೇ ಆರಿಸಿ ಬೆಳೆಸಿದ ತಂಡ ಅದು. ಬ್ರಿಟಿಷ್ ಯುರೋಪಿಯನ್ ಏರ್‌ವೇಸ್‌ನ ಎರಡು ಎಂಜಿನ್ನಿನ ಅಂಬಾಸಡರ್ ವಿಮಾನ ಇಂಧನ ತುಂಬಿಸಿಕೊಳ್ಳಲು ರೀಮ್‌ನಲ್ಲಿ ಇಳಿಯಿತು. ಹಿಮ ಬೀಳುತ್ತಿತ್ತು. ವಿಮಾನದಲ್ಲಿ ಇದ್ದವರು ಒಟ್ಟು 44 ಮಂದಿ.

ಕ್ಯಾಪ್ಟನ್ ಜೇಮ್ಸ್ ಥೇನ್. ಜೊತೆಯಲ್ಲಿದ್ದ ಕೆನೆತ್ ರೇಮೆಂಟ್ ಕೂಡ ಕ್ಯಾಪ್ಟನ್ ದರ್ಜೆಯವರೇ. ಹೋಗುವಾಗ ಥೇನ್ ವಿಮಾನ ಹಾರಿಸಿದ್ದರು. ಬರುವಾಗ ಆ ಸರದಿ ರೇಮೆಂಟ್ ಅವರದು. ಕ್ಯಾಪ್ಟನ್ ಕೂರಬೇಕಾದ ಎಡಗಡೆಯ ಸೀಟಿನಲ್ಲಿ ರೇಮೆಂಟ್ ಕುಳಿತಿದ್ದರು. ಈ ಸಣ್ಣ ಸಂಗತಿ ಮುಂದೆ ದೊಡ್ಡದಾಗುತ್ತದೆ.

ಮೊದಲ ಸಲ ಓಟ ಶುರುಮಾಡಿದಾಗ ಎಂಜಿನ್ನಿನ ಒತ್ತಡದ ಮುಳ್ಳು ಏರುಪೇರಾಯಿತು. ನಿಲ್ಲಿಸಿದರು. ಎರಡನೆಯ ಸಲವೂ ಹಾಗೇ ಆಯಿತು. ಪ್ರಯಾಣಿಕರನ್ನು ಇಳಿಸಿ ಒಳಗೆ ಕೂರಿಸಿದರು. ಸಮುದ್ರಮಟ್ಟಕ್ಕಿಂತ ಎತ್ತರದ ನಿಲ್ದಾಣಗಳಲ್ಲಿ ಆ ಎಂಜಿನ್‌ಗಳಿಗೆ ಇದು ಗೊತ್ತಿದ್ದ ಕಾಯಿಲೆ. ಥ್ರಾಟಲ್ ನಿಧಾನವಾಗಿ ಮುಂದಕ್ಕೆ ತಳ್ಳಿದರೆ ಸರಿಹೋಗುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಆದರೆ ನಿಧಾನವಾಗಿ ತಳ್ಳಿದರೆ ವೇಗ ಕೂಡಿಬರಲು ಹೆಚ್ಚು ರನ್‌ವೇ ಬೇಕಾಗುತ್ತದೆ. ಮಧ್ಯಾಹ್ನ ಮೂರು ಗಂಟೆ ದಾಟುತ್ತಿದ್ದಂತೆ ಮೂರನೆಯ ಸಲ ಓಟ ಹೊರಟರು.

ಮುಂದಿನದು ತಿಳಿಯಬೇಕಾದರೆ ಟೇಕಾಫ್ ಎಂದರೇನು ಎಂದು ಸ್ವಲ್ಪ ನೋಡಬೇಕು. ಆಕಾಶದಲ್ಲಿ ತೊಂದರೆ ಬಂದರೆ ಯೋಚಿಸಲು ಒಂದಿಷ್ಟು ಸಮಯವಿರುತ್ತದೆ. ಟೇಕಾಫ್‌ನಲ್ಲಿ ಅದಿಲ್ಲ. ವಿಮಾನದ ತೂಕ, ಗಾಳಿ, ರನ್‌ವೇ ಉದ್ದ ನೋಡಿಕೊಂಡು ಪೈಲಟ್‌ಗಳು ಮೊದಲೇ ಎರಡು ವೇಗಗಳನ್ನು ಲೆಕ್ಕ ಹಾಕಿಟ್ಟುಕೊಳ್ಳುತ್ತಾರೆ. ಮೊದಲನೆಯದು ತೀರ್ಮಾನದ ವೇಗ, ಅವರ ಭಾಷೆಯಲ್ಲಿ ವಿ-ಒನ್. ಅದಕ್ಕೆ ಮುಂಚೆ ಏನೇ ಕೆಟ್ಟರೂ ಬ್ರೇಕ್ ಹಾಕಿ ನಿಲ್ಲಿಸಬಹುದು. ದಾಟಿದ ಮೇಲೆ ನಿಲ್ಲಿಸಲು ರನ್‌ವೇ ಸಾಲದು, ಹಾರಲೇಬೇಕು. ಎರಡನೆಯದು ನೆಲ ಬಿಟ್ಟು ಸುರಕ್ಷಿತವಾಗಿ ಏರಲು ಬೇಕಾದ ವೇಗ, ವಿ-ಟೂ. ಅಂದು ಮೊದಲನೆಯದು 117 ನಾಟ್, ಅಂದರೆ ಗಂಟೆಗೆ ಸುಮಾರು 217 ಕಿಲೋಮೀಟರ್. ಎರಡನೆಯದು 119 ನಾಟ್. ನಡುವೆ ಇದ್ದದ್ದು ಎರಡೇ ನಾಟ್.

ಮುಳ್ಳು 117 ಮುಟ್ಟಿತು. ಥೇನ್ ಅದನ್ನು ಕೂಗಿ ಹೇಳಿದರು. ಇನ್ನು ನಿಲ್ಲಿಸುವಂತಿಲ್ಲ. ಆಮೇಲೆ ಮುಳ್ಳು ಮೇಲೇರಲಿಲ್ಲ. 112ಕ್ಕೆ ಇಳಿಯಿತು, ಮತ್ತೆ 105ಕ್ಕೆ ಇಳಿಯಿತು. ಎಂಜಿನ್‌ಗಳು ಪೂರ್ತಿ ಶಕ್ತಿಯಲ್ಲಿ ಓಡುತ್ತಿದ್ದವು, ವೇಗ ಮಾತ್ರ ಕಡಿಮೆಯಾಗುತ್ತಿತ್ತು. ವಿಮಾನ ರನ್‌ವೇ ಮುಗಿಸಿ, ಬೇಲಿ ಮುರಿದು, ರಸ್ತೆ ದಾಟಿ ಒಂದು ಮನೆಗೆ ಬಡಿಯಿತು. ಎಡರೆಕ್ಕೆ ಕಿತ್ತುಹೋಯಿತು. ಉಳಿದ ಭಾಗ ಇಂಧನ ಮತ್ತು ಟೈರುಗಳಿದ್ದ ಶೆಡ್ಡಿಗೆ ನುಗ್ಗಿತು.

ಸತ್ತವರು 23 ಮಂದಿ, ಅವರಲ್ಲಿ ಎಂಟು ಮಂದಿ ಆಟಗಾರರು. ಇಪ್ಪತ್ತೊಂದು ವರ್ಷದ ಡಂಕನ್ ಎಡ್ವರ್ಡ್ಸ್ ಇಲ್ಲಿನ ರೆಕ್ಟ್ಸ್ ಡೆರ್ ಇಸಾರ್ ಆಸ್ಪತ್ರೆಯಲ್ಲಿ ಹದಿನೈದು ದಿನ ಹೋರಾಡಿ ಕೊನೆಯುಸಿರೆಳೆದರು. ರೇಮೆಂಟ್ ಕೂಡ ಕೆಲವು ವಾರಗಳ ನಂತರ ತೀರಿಕೊಂಡರು. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ಸುಡುತ್ತಿದ್ದ ವಿಮಾನದೊಳಕ್ಕೆ ಮತ್ತೆ ನುಗ್ಗಿ ಒಂದು ಮಗುವನ್ನೂ ಅದರ ಬಸುರಿ ತಾಯಿಯನ್ನೂ ಹೊರಗೆಳೆದರು. ಥೇನ್‌ಗೆ ದೊಡ್ಡ ಗಾಯವಾಗಿರಲಿಲ್ಲ. ಅವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಅಲ್ಲೇ ಓಡಾಡುತ್ತಿದ್ದರು.

ಬದುಕಿ ಉಳಿದ ಕ್ಯಾಪ್ಟನ್ ಎಂದಮೇಲೆ ಪ್ರಶ್ನೆಗಳೆಲ್ಲ ಅವರ ಕಡೆಗೇ ತಿರುಗಿದವು.

ಜರ್ಮನಿಯ ಮುಖ್ಯ ತನಿಖಾಧಿಕಾರಿ ಸ್ಥಳಕ್ಕೆ ಬಂದಾಗ ರಾತ್ರಿಯಾಗಿತ್ತು. ಅಪಘಾತವಾಗಿ ಸುಮಾರು ಆರು ಗಂಟೆ ಕಳೆದಿತ್ತು. ಅಷ್ಟೂ ಹೊತ್ತು ಹಿಮ ಸುರಿದಿತ್ತು. ರೆಕ್ಕೆಯ ಮೇಲಿನ ಹಿಮ ಸರಿಸಿ ನೋಡಿದರೆ ಕೆಳಗೆ ಒರಟಾದ ಮಂಜುಗಡ್ಡೆಯ ಪದರ ಸಿಕ್ಕಿತು. ರೆಕ್ಕೆಯ ಮೇಲೆ ಮಂಜುಗಡ್ಡೆಯಿದ್ದರೆ ಗಾಳಿಯ ಹರಿವು ಕೆಟ್ಟು ವಿಮಾನ ಏಳುವುದಿಲ್ಲ, ಇದು ನಿಜ. ರೆಕ್ಕೆ ಸ್ವಚ್ಛ ಮಾಡಿಸುವುದು ಕ್ಯಾಪ್ಟನ್ ಹೊಣೆ, ಇದೂ ನಿಜ. ಎರಡನ್ನೂ ಕೂಡಿಸಿದರೆ ತೀರ್ಪು ಸಿದ್ಧ. ಟೇಕಾಫ್‌ಗೆ ಮುಂಚೆ ನಿಲ್ದಾಣದಿಂದ ತೆಗೆದ ಒಂದು ಫೋಟೋ ಕೂಡ ಸಾಕ್ಷಿಯಾಗಿ ಬಂತು. ಅದರಲ್ಲಿ ರೆಕ್ಕೆ ಬೆಳ್ಳಗೆ ಕಾಣುತ್ತಿತ್ತು. 1959ರಲ್ಲಿ ಪ್ರಕಟವಾದ ವರದಿ ಮಂಜುಗಡ್ಡೆಯೇ ಮುಖ್ಯ ಕಾರಣ ಎಂದಿತು. 1960ರ ಕೊನೆಯಲ್ಲಿ ಕಂಪನಿ ಥೇನ್ ಅವರನ್ನು ಕೆಲಸದಿಂದ ತೆಗೆಯಿತು. ನಿಯಮ ಮೀರಿ ಸೀಟು ಬದಲಿಸಿಕೊಂಡದ್ದೂ ಅವರ ಮೇಲಿನ ಆರೋಪಗಳಲ್ಲಿ ಒಂದಾಯಿತು. ಹಿಂದಕ್ಕೆ ಇಳಿದ ಆ ಮುಳ್ಳಿಗೂ ಸೀಟಿಗೂ ಏನು ಸಂಬಂಧ? ಏನೂ ಇಲ್ಲ.

ಥೇನ್ ಹೇಳುತ್ತಿದ್ದದ್ದು ಬೇರೆ. ರೆಕ್ಕೆಯಲ್ಲಲ್ಲ, ಚಕ್ರದ ಕೆಳಗೆ ನೋಡಿ ಎಂದರು.

ಇಲ್ಲಿ ಚಳಿಗಾಲ ಕಳೆದವರಿಗೆ ಅದು ಗೊತ್ತು. ಹೊಸ ಹಿಮ ಹತ್ತಿಯಂತೆ ಹಗುರ. ಅರ್ಧ ಕರಗಿ ನೀರು ಕುಡಿದಾಗ ಅದು ಬೂದುಬಣ್ಣದ ಅಂಬಲಿಯಾಗುತ್ತದೆ. ಜರ್ಮನರು ಅದನ್ನು ಶ್ನೇಮಾಟ್ಶ್ ಎನ್ನುತ್ತಾರೆ. ಹಿಮದ ರಾಡಿ ಎಂದರೆ ನಮಗೆ ಸರಿಯಾಗಿ ಅರ್ಥವಾಗುತ್ತದೆ. ಮೊದಲ ವರ್ಷ ಇಂಥ ರಾಡಿಯಲ್ಲಿ ಸೈಕಲ್ ತುಳಿದಾಗ ನನಗೆ ಮಲೆನಾಡಿನ ಕೆಸರುಗದ್ದೆಯಲ್ಲಿ ಏದುಸಿರು ಬಿಡುವ ಎತ್ತುಗಳು ನೆನಪಾಗಿದ್ದವು. ಎಷ್ಟು ಬಲ ಹಾಕಿದರೂ ಚಕ್ರವನ್ನು ಯಾರೋ ಹಿಂದಕ್ಕೆ ಹಿಡಿದಂತೆ. ಸೈಕಲ್ಲಿಗೇ ಹೀಗಾದರೆ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಓಡುವ ವಿಮಾನದ ಪಾಡೇನು? ರಾಡಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಜೊತೆಗೆ ಚಕ್ರದಿಂದ ಚಿಮ್ಮಿದ ರಾಡಿ ವಿಮಾನದ ಹೊಟ್ಟೆಗೆ ಬಡಿದು ಇನ್ನಷ್ಟು ತಡೆಯುತ್ತದೆ.

ಹಾಗಾದರೆ ಅಂದು ಬೇರೆ ವಿಮಾನಗಳು ಹೇಗೆ ಹಾರಿದವು? ಕೇಳಬೇಕಾದ ಪ್ರಶ್ನೆಯೇ. ಅವು ರನ್‌ವೇಯ ಕೊನೆಯ ಭಾಗಕ್ಕೆ ಬರುವ ಮುಂಚೆಯೇ ಎದ್ದುಹೋಗಿದ್ದವು. ಅವುಗಳ ಚಕ್ರಗಳು ತುಳಿದ ಜಾಗದಲ್ಲಿ ರಾಡಿ ಚದುರಿತ್ತು. ಕೊನೆಯ ಭಾಗದ್ದು ಹಾಗೇ ಉಳಿದಿತ್ತು. ಥೇನ್ ಮತ್ತು ರೇಮೆಂಟ್ ಅವರ ವಿಮಾನ ಅದಕ್ಕೆ ನುಗ್ಗಿದ್ದು ತೀರ್ಮಾನದ ವೇಗ ದಾಟಿದ ಮೇಲೆ.

ಇಂದು ಇದು ಸರಳವಾಗಿ ಕಾಣುತ್ತದೆ. 1958ರಲ್ಲಿ ಹಾಗಿರಲಿಲ್ಲ. ತೆಳುವಾದ ಹಿಮರಾಡಿ ಒಂದು ವಿಮಾನವನ್ನು ಹಾರದಂತೆ ಹಿಡಿಯಬಲ್ಲದು ಎಂಬ ಅಳತೆಯ ಜ್ಞಾನ ಆಗ ಪೈಲಟ್‌ಗಳ ಕೈಯಲ್ಲಿರಲಿಲ್ಲ. 1960ರ ದಶಕದಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ರನ್‌ವೇ ಮೇಲೆ ರಾಡಿ ಹರಡಿ, ನಿಜವಾದ ವಿಮಾನಗಳನ್ನೇ ಓಡಿಸಿ ಪರೀಕ್ಷೆ ಮಾಡಿದರು. ಲೆಕ್ಕ ಥೇನ್ ಹೇಳಿದ್ದಕ್ಕೆ ಹೊಂದಿತು. ಆದರೂ 1960ರ ದಶಕದ ನಡುವೆ ಮತ್ತೆ ವಿಚಾರಣೆ ನಡೆಸಿದ ಜರ್ಮನ್ ಅಧಿಕಾರಿಗಳು ಮಂಜುಗಡ್ಡೆಯ ವಾದ ಬಿಡಲಿಲ್ಲ. ರನ್‌ವೇ ಕಾರಣವೆಂದರೆ ನಿಲ್ದಾಣ ನಡೆಸುವವರ ಹೊಣೆಯ ಪ್ರಶ್ನೆ ಏಳುತ್ತದೆ. ರೆಕ್ಕೆ ಕಾರಣವೆಂದರೆ ಒಬ್ಬ ಪೈಲಟ್‌ನಲ್ಲಿಗೆ ಮಾತು ಮುಗಿಯುತ್ತದೆ.

ಕೊನೆಗೆ 1968ರಲ್ಲಿ ಬ್ರಿಟನ್ ತಾನೇ ವಿಚಾರಣೆ ಆರಂಭಿಸಿತು. ಆ ಫೋಟೋದ ಮೂಲ ನೆಗೆಟಿವ್ ತರಿಸಿ ನೋಡಿದಾಗ ರೆಕ್ಕೆಯ ಮೇಲೆ ಹಿಮದ ಗುರುತಿರಲಿಲ್ಲ. ಪ್ರತಿಯಲ್ಲಿ ಬೆಳ್ಳಗೆ ಕಂಡದ್ದು ಬರೀ ಬೆಳಕಿನ ಹೊಳಪು. 1969ರ ವರದಿ ಅಪಘಾತಕ್ಕೆ ಮುಖ್ಯ ಕಾರಣ ರನ್‌ವೇ ಮೇಲಿನ ರಾಡಿ, ಥೇನ್ ಮೇಲೆ ದೋಷ ಹೊರಿಸುವಂತಿಲ್ಲ ಎಂದು ಹೇಳಿತು. ಹನ್ನೊಂದು ವರ್ಷ ಕಳೆದಿತ್ತು. ಬರ್ಕ್‌ಷೈರಿನಲ್ಲಿ ಕೋಳಿ ಸಾಕಿಕೊಂಡಿದ್ದ ಥೇನ್ ಮತ್ತೆ ಆ ವೃತ್ತಿಗೆ ಮರಳಲಿಲ್ಲ. 1975ರಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಥೇನ್ ಕಥೆ ಒಂಟಿಯಲ್ಲ. 1974ರ ನವೆಂಬರ್ 20ರಂದು ಫ್ರಾಂಕ್‌ಫರ್ಟಿನಿಂದ ಜೋಹಾನ್ಸ್‌ಬರ್ಗಿಗೆ ಹೊರಟಿದ್ದ ಲುಫ್ತಾನ್ಸಾ ಜಂಬೋ ನೈರೋಬಿಯಲ್ಲಿ ನೆಲ ಬಿಟ್ಟ ಕೂಡಲೇ ಕುಸಿಯಿತು. 157 ಮಂದಿಯಲ್ಲಿ 59 ಮಂದಿ ಸತ್ತರು. ರೆಕ್ಕೆಯ ಮುಂಚೂಣಿಯಲ್ಲಿ ತೆರೆದುಕೊಳ್ಳಬೇಕಾದ ಫ್ಲಾಪ್‌ಗಳು ತೆರೆದಿರಲಿಲ್ಲ, ಏಕೆಂದರೆ ಅವನ್ನು ನಡೆಸುವ ಗಾಳಿಯ ಕವಾಟ ಮುಚ್ಚಿತ್ತು. ಫ್ಲೈಟ್ ಎಂಜಿನಿಯರ್ ಮೇಲೆ ಜರ್ಮನಿಯಲ್ಲಿ ಮೊಕದ್ದಮೆ ನಡೆದು, 1981ರಲ್ಲಿ ಅವರು ಖುಲಾಸೆಯಾದರು. ಈ ನಡುವೆ, ಇಂಥ ಸ್ಥಿತಿಯಲ್ಲಿ ಪೈಲಟ್‌ಗಳನ್ನು ಎಚ್ಚರಿಸುವ ವ್ಯವಸ್ಥೆಯನ್ನು ಜಂಬೋಗಳಿಗೆ ಅಳವಡಿಸಲಾಯಿತು. ಎಚ್ಚರಿಕೆ ಮೊದಲೇ ಇದ್ದಿದ್ದರೆ ಮೊಕದ್ದಮೆಯೇ ಬೇಕಿರಲಿಲ್ಲ.

ಪೈಲಟ್‌ಗಳು ತಪ್ಪು ಮಾಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಡಚ್ ಜಂಬೋದ ಕ್ಯಾಪ್ಟನ್ ಅನುಮತಿ ಸಿಗುವ ಮುಂಚೆಯೇ ಓಟ ಶುರುಮಾಡಿದರು. ಮಂಜಿನಲ್ಲಿ ಅದೇ ರನ್‌ವೇ ಮೇಲೆ ಇನ್ನೊಂದು ಜಂಬೋ ಇತ್ತು. 583 ಮಂದಿ ಸತ್ತರು. ತಪ್ಪು ಯಾರದು ಎಂಬುದರಲ್ಲಿ ಅಲ್ಲಿ ಹೆಚ್ಚು ಗೊಂದಲವಿಲ್ಲ. ಆದರೆ ತನಿಖೆ ಆ ಹೆಸರಿಗೇ ನಿಂತಿದ್ದರೆ ನಮಗೆ ಸಿಗುತ್ತಿದ್ದದ್ದು ಒಬ್ಬ ಸತ್ತ ಮನುಷ್ಯನ ಮೇಲಿನ ಸಿಟ್ಟು ಮಾತ್ರ. ಯಾಕೆ ಹಾಗಾಯಿತು ಎಂದು ಕೇಳಿದ್ದರಿಂದ ರೇಡಿಯೋದಲ್ಲಿ ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಕೇಳಿಸದೆ ಹೋದದ್ದು, ಅಸ್ಪಷ್ಟ ಮಾತು, ಹಿರಿಯರನ್ನು ತಡೆಯಲು ಕಿರಿಯರು ಹಿಂಜರಿದದ್ದು ಎಲ್ಲ ಹೊರಬಂದವು. ಟೇಕಾಫ್ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗಲಷ್ಟೇ ಬಳಸಬೇಕು ಎಂಬ ನಿಯಮ ಬಂತು. ಯಾರು ಎಂಬ ಪ್ರಶ್ನೆಗೆ ಸಿಗುವುದು ಒಂದು ಹೆಸರು. ಯಾಕೆ ಎಂಬ ಪ್ರಶ್ನೆಗೆ ಸಿಗುವುದು ಒಂದು ನಿಯಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಕೂಡ ತನಿಖೆಯ ಉದ್ದೇಶ ಅಪಘಾತ ಮರುಕಳಿಸದಂತೆ ತಡೆಯುವುದೇ ಹೊರತು ದೋಷ ಹಂಚುವುದಲ್ಲ ಎಂದು ಹೇಳುತ್ತದೆ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಟೇಕಾಫ್ ಆದ ಅರ್ಧ ನಿಮಿಷದಲ್ಲೇ ಬಿತ್ತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದವರು ಒಬ್ಬರೇ. ನೆಲದ ಮೇಲಿದ್ದವರೂ ಸೇರಿ 260 ಜೀವಗಳು ಹೋದವು. ರಜೆಗೆ ಊರಿಗೆ ಹೋಗಿ ಬರುವ ನಮ್ಮಂಥವರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿಕೊಂಡು ಅಂಥದೇ ಸೀಟುಗಳಲ್ಲಿ ಕೂತು ಬಂದವರು ನಾವು. ಆ ಸಂಜೆಯೇ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮೂರು ಬೇರೆ ಬೇರೆ ತೀರ್ಪುಗಳು ಹರಿದಾಡಿದವು. ತಿಂಗಳ ನಂತರ ಬಂದ ಪ್ರಾಥಮಿಕ ವರದಿ, ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಒಂದರ ಹಿಂದೊಂದು ಕಡಿತದ ಸ್ಥಾನಕ್ಕೆ ಹೋದವು ಎಂದಿತು. ಹೇಗೆ, ಯಾಕೆ ಎಂಬುದನ್ನು ಆ ವರದಿ ತೀರ್ಮಾನಿಸಲಿಲ್ಲ. ನಮ್ಮ ಗುಂಪಿನಲ್ಲಿ ಮಾತ್ರ ಅಂದೇ ತೀರ್ಮಾನವಾಗಿಹೋಯಿತು. ಕಾಕ್‌ಪಿಟ್‌ನಲ್ಲಿ ಸತ್ತವರಿಗೂ ಅಪ್ಪ ಅಮ್ಮ, ಅಕ್ಕ ತಂಗಿಯರಿದ್ದಾರೆ, ಅವರೂ ಫೋನ್ ನೋಡುತ್ತಾರೆ ಎಂಬುದು ಯಾರಿಗೂ ಹೊಳೆದಂತಿರಲಿಲ್ಲ.

ಅಂತಿಮ ಸತ್ಯ ಯಾವ ಕಡೆಗೇ ವಾಲಲಿ, ಅದಕ್ಕೆ ಕಾಯುವ ತಾಳ್ಮೆ ಬೇಕು. ಕಾಯದಿದ್ದರೆ ಏನಾಗುತ್ತದೆ ಎಂಬುದನ್ನು ರೀಮ್ ನಮಗೆ ತೋರಿಸಿದೆ. ತಪ್ಪು ಕಾರಣವನ್ನು ಒಪ್ಪಿಕೊಂಡರೆ ಕೆಡುವುದು ಒಬ್ಬ ಮನುಷ್ಯನ ಬಾಳಷ್ಟೇ ಅಲ್ಲ. ನಿಜವಾದ ಕಾರಣ ಯಾರೂ ಗಮನಿಸದೆ ಅಲ್ಲೇ ಉಳಿದು, ಮುಂದಿನ ವಿಮಾನಕ್ಕಾಗಿ ಕಾಯುತ್ತಿರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮ್ಯೂನಿಕ್‌ನ ಹೊಸ ನಿಲ್ದಾಣದಿಂದ ಹೊರಡುವವರು ಒಮ್ಮೆ ಕಿಟಕಿಯಾಚೆ ನೋಡಿ. ರೆಕ್ಕೆಗೆ ಬಿಸಿ ದ್ರಾವಣ ಎರಚುವ ವಾಹನಗಳು ಒಂದೆಡೆ. ಇನ್ನೊಂದೆಡೆ ಸಾಲಾಗಿ ಸಾಗುತ್ತ ರನ್‌ವೇ ಗುಡಿಸುವ ದೊಡ್ಡ ಯಂತ್ರಗಳು. ರಾಡಿ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆದು ಪೈಲಟ್‌ಗೆ ತಿಳಿಸಿದ ಮೇಲೆಯೇ ವಿಮಾನ ಹೊರಡುತ್ತದೆ. ದುಬೈಯಲ್ಲಿ ಬೆಂಗಳೂರಿನ ವಿಮಾನ ತಪ್ಪೀತೆಂದು ನಮ್ಮವರು ಗಡಿಯಾರ ನೋಡುತ್ತ ಗೊಣಗುತ್ತಾರೆ. ರೆಕ್ಕೆಯ ಮಂಜುಗಡ್ಡೆಯ ಬಗ್ಗೆ 1958ರಲ್ಲೂ ಗೊತ್ತಿತ್ತು. ರನ್‌ವೇಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವುದನ್ನು ಕಲಿಸಿದ್ದರಲ್ಲಿ ರೀಮ್‌ನ 23 ಸಾವುಗಳ ಪಾಲಿದೆ, ಹನ್ನೊಂದು ವರ್ಷ ಒಂದೇ ಮಾತನ್ನು ಬಿಡದೆ ಹೇಳಿದ ಒಬ್ಬ ಪೈಲಟ್‌ನ ಪಾಲೂ ಇದೆ. ಮ್ಯಾಂಚೆಸ್ಟರ್ ಪ್ಲಾಟ್ಸ್‌ನ ಕಲ್ಲು ಆ ತಂಡವನ್ನೂ ಸತ್ತವರನ್ನೂ ನೆನೆಯುತ್ತದೆ. ಥೇನ್ ಅವರ ನೆನಪು ಇರುವುದು ಈ ಕಾಯುವಿಕೆಯಲ್ಲಿ.